ಗುರುಬಸಪ್ಪನ ಬಾಯಿಗೆ ಬಿದ್ದ ನೀರು

ವುಡ್‌ಲ್ಯಾಂಡ್ಸ್, ಸಿಂಗಪುರ
4 ಜೂನ್ 2007

ಪ್ರೊಫೆಸರ್ ಹಯಗ್ರೀವ ಅವರಿಗೆ,

ಬಾಯಲ್ಲಿ ಹೇಳಿ ಮುಗಿಸಬಹುದಾದ ಮಾತಿಗೆ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀರಿ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಒತ್ತಕ್ಷರ ಬಂದಲ್ಲಿ ಕೈ ನಿಲ್ಲುತ್ತದೆ, ಕನ್ನಡಕ ಜಾರುತ್ತದೆ, ಸಿಟ್ಟು ಮಾತ್ರ ಎಲ್ಲೂ ನಿಲ್ಲುವುದಿಲ್ಲ. ಮೊನ್ನೆ ಫೋನಿನಲ್ಲಿ ನಿಮ್ಮನ್ನು ಬೈದದ್ದರಿಂದ ನನ್ನ ಮಗ ಶಿವಯೋಗೀಶನಿಗೆ ಅವಮಾನವಾಯಿತಂತೆ. "ಅವರು ಕನ್ನಡ ಸಂಘದಾಗ ಹಿರ್ಯಾರು, ಯೂನಿವರ್ಸಿಟಿಯೊಳಗ ಕಲಿಸ್ತಾರ. ಏನು ಹೇಳೂದೈತಿ ಬರದು ಕೊಡವ್ವಾ" ಎಂದು ಫೋನು ಕಸಿದುಕೊಂಡ. ಬರೆಯುತ್ತೇನೆ. ಓದುವುದು ನಿಮ್ಮ ಕರ್ಮ.

ಹೋದ ಭಾನುವಾರ ನೀವು ನಮ್ಮ ಮನೆಗೆ ಬಂದಿರಿ. ಸೆರಂಗೂನ್ ರೋಡಿನಿಂದ ಜೋಳದ ಹಿಟ್ಟು ತರಿಸಿ ರೊಟ್ಟಿ ಬಡಿದು ಹಾಕಿದೆ. ಸೊರಟಿಹಾಳದಲ್ಲಿದ್ದ ಪಾದ್ರಿಯ ಜೀವನಚರಿತ್ರೆ ಬರೆಯುತ್ತಿದ್ದೇನೆ, ನೀವೂ ಅದೇ ಊರಿನವರಂತೆ ಎಂದಿರಿ. ಸಿಂಗಪುರಕ್ಕೆ ಬಂದ ಮೇಲೆ ನಮ್ಮೂರ ಹೆಸರನ್ನು ಪರರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಸಂತೋಷವಾಯಿತು, ಇನ್ನೊಂದು ರೊಟ್ಟಿ ಹಾಕಿದೆ. ತಂದೆಯ ಹೆಸರು ಕೇಳಿದಿರಿ, ಗುರುಬಸಪ್ಪ ಎಂದೆ. ನಿಮ್ಮ ಮುಖ ಹೂವಿನಂತೆ ಅರಳಿತು. ಚೀಲದಿಂದ ಕಾಗದ ತೆಗೆದು ಓದಿದಿರಿ. 1946ರ ಕಾಲರಾದಲ್ಲಿ ಗುರುಬಸಪ್ಪನೆಂಬ ರೈತ ಪಾದ್ರಿಯ ಕೈಯಿಂದ ದೀಕ್ಷಾಸ್ನಾನ ಪಡೆದು, ಯೋಸೇಫನಾಗಿ ಪ್ರಾಣ ಬಿಟ್ಟನಂತೆ. ಪಾದ್ರಿಯ ದುಡಿಮೆಗೆ ಸಿಕ್ಕ ಪ್ರಥಮ ಫಲವಂತೆ. ಸಾಲದ್ದಕ್ಕೆ, ಡಿಸೆಂಬರಿನಲ್ಲಿ ಪುಸ್ತಕ ಬಿಡುಗಡೆ, ಪಾದ್ರಿಯ ದೇಶದಿಂದಲೂ ಜನ ಬರುತ್ತಾರೆ, ಮೊದಲ ಕ್ರೈಸ್ತನ ಮಗಳಾಗಿ ನೀವು ವೇದಿಕೆ ಮೇಲೆ ಕೂರಬೇಕು ಎಂದಿರಿ. ನಮ್ಮ ರೊಟ್ಟಿ ಇನ್ನೂ ನಿಮ್ಮ ತಾಟಿನಲ್ಲಿತ್ತು.

ನನ್ನಪ್ಪ ಯೋಸೇಫನಲ್ಲ. ಯಾರ ಫಲವೂ ಅಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಹುಟ್ಟಿದ, ಅದನ್ನೇ ಕೈಯಲ್ಲಿ ಹಿಡಿದು ಮಣ್ಣಿಗೆ ಹೋದ.

ಅವನ ಹೆಸರು ತೆಗೆಯಿರಿ. ಉಳಿದದ್ದು ನಿಮ್ಮ ಪುಸ್ತಕ, ನಿಮ್ಮ ಪಾದ್ರಿ.

ನಿಂಗವ್ವ


ಬುಕಿತ್ ತಿಮಾ
20 ಜೂನ್ 2007

ಪೂಜ್ಯ ನಿಂಗವ್ವನವರಿಗೆ ಹಯಗ್ರೀವನ ನಮಸ್ಕಾರಗಳು.

ತಮ್ಮ ಪತ್ರ ಓದಿ ನಾನೂ ನನ್ನ ಪತ್ನಿ ಸೀತಾಳೂ ಬಹಳ ನೊಂದುಕೊಂಡೆವು. ಊಟ ಹಾಕಿದ ಮನೆಯನ್ನು ನೋಯಿಸುವ ಉದ್ದೇಶ ನನ್ನದಾಗಿರಲಿಲ್ಲ. ತಡವಾಗಿ ಉತ್ತರಿಸುತ್ತಿರುವುದಕ್ಕೂ ಕ್ಷಮೆಯಿರಲಿ. ನಮ್ಮ ಕಾಂಡೊ, ಎಂದರೆ ನಾವಿರುವ ವಸತಿ ಸಮುಚ್ಚಯ, ಇಡಿಯಾಗಿ ಮಾರಾಟಕ್ಕೆ ಹೋಗುತ್ತಿದೆ. ಹೆಚ್ಚಿನವರು ಸಹಿ ಹಾಕಿಬಿಟ್ಟರು. ಒಪ್ಪದಿದ್ದ ನಮ್ಮಂಥ ಕೆಲವರೂ ಬಿಟ್ಟು ಹೋಗಲೇಬೇಕು, ಇಲ್ಲಿನ ಕಾನೂನೇ ಹಾಗೆ. ಹದಿನಾಲ್ಕು ವರ್ಷ ಇದ್ದ ಮನೆ. ಸೀತಾ ದಿನಾ ಅಳುತ್ತಾಳೆ.

ಫಾದರ್ ಯೆರ್ನೆಯ್ ಪೊದ್ಲೊಗಾರ್ ನನಗೆ ಸಿಕ್ಕಿದ್ದು ಆಕಸ್ಮಿಕವಾಗಿ. ಅವರ ದೇಶವಾದ ಸ್ಲೊವೇನಿಯಾಕ್ಕೆ ಒಂದು ಸಮ್ಮೇಳನಕ್ಕೆಂದು ಹೋಗಿದ್ದಾಗ ಹಳೆಯ ಪುಸ್ತಕದಂಗಡಿಯಲ್ಲಿ ಅವರ ಕಥಾಸಂಗ್ರಹ ಕಂಡಿತು. 1952ರಲ್ಲಿ ಅಚ್ಚಾದದ್ದು. ತಿಳಿಯದ ಭಾಷೆಯ ನಡುವೆ ಸೊರಟಿಹಾಳ ಎಂಬ ಊರು, ಗುರುಬಸಪ್ಪ ಎಂಬ ಹೆಸರು. ಸಹೋದ್ಯೋಗಿಯೊಬ್ಬರಿಂದ ಅನುವಾದ ಮಾಡಿಸಿ ಓದಿದೆ. ಬೆಟ್ಟದ ಹಳ್ಳಿಯ ಬಡಗಿಯ ಮಗ ಹಡಗು ಹತ್ತಿ ನಮ್ಮ ನಾಡಿಗೆ ಬಂದು, ಮತ್ತೆ ತಾಯಿಯ ಮುಖ ನೋಡದೆ, ನಮ್ಮ ಜನರ ಬಗ್ಗೆ ಅಷ್ಟು ಪ್ರೀತಿಯಿಂದ ಬರೆದಿದ್ದಾರೆ. ಅವರ ದೇಶದ ಹಿರಿಯ ಓದುಗರಿಗೆ ತಮ್ಮ ತಂದೆಯವರು ಇಂದಿಗೂ ಗೊತ್ತು. ಅಚ್ಚಾದ ಹೆಸರನ್ನು ನಾನು ಅಳಿಸಿದರೆ ಅದು ಇತಿಹಾಸಕ್ಕೆ ಅಪಚಾರವಾಗುತ್ತದೆ.

ಅಂದು ನಡೆದದ್ದೇನು ಎಂಬುದನ್ನು ತಾವು ಕಂಡಂತೆ ಬರೆದು ಕೊಡಿ. ಟಿಪ್ಪಣಿಯಲ್ಲಿ ಸೇರಿಸುತ್ತೇನೆ.

ವಿನೀತ,
ಹಯಗ್ರೀವ


ವುಡ್‌ಲ್ಯಾಂಡ್ಸ್
9 ಜುಲೈ 2007

ಪ್ರೊಫೆಸರರೇ,

ಟಿಪ್ಪಣಿ ಎಂದರೆ ಪುಟದ ತಳಕ್ಕೆ ಇರುವೆಯಂಥ ಅಕ್ಷರದಲ್ಲಿ ಹಾಕುವುದು ಎಂದು ಸೊಸೆ ರೋಹಿಣಿ ಹೇಳಿದಳು. ಅಪ್ಪನನ್ನು ಪುಟದ ತಳಕ್ಕೆ ಹೂಳುವ ವಿಚಾರ ನಿಮ್ಮದು. ಇರಲಿ, ಕಂಡದ್ದನ್ನು ಬರೆಯುತ್ತೇನೆ.

ನಿಮಗೆ ಪೊದ್ಲೊಗಾರ್, ನಮಗೆ ಎರ್ನಪ್ಪ. ಗುಡಿ ಗುಂಡಾರದ ಕಟ್ಟೆ ಯಾವುದಾದರೂ ಸರಿ, ಕೂತು ಬಿಡುತ್ತಿದ್ದ. ಈ ಗಿಡಕ್ಕೇನಂತೀರಿ, ಈ ನೋವಿಗೇನಂತೀರಿ ಎಂದು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದ. ಕೈಯಲ್ಲಿ ಮೊಳೆ ಸುತ್ತಿಗೆ ಇದ್ದೇ ಇರುತ್ತಿತ್ತು. ಯಾರದೇ ಚಕ್ಕಡಿ ಮುರಿಯಲಿ, ಕೂತು ರಿಪೇರಿ ಮಾಡುತ್ತಿದ್ದ. ಒಂದು ಕಾಲಕ್ಕೆ ಅವನೆಂದರೆ ನನಗೂ ಜೀವ. ಅವನು ಜೇನು ಸಾಕಿದ್ದ. ಅವನ ದೇಶದಲ್ಲಿ ಜೇನುಪೆಟ್ಟಿಗೆಯ ಮುಂದಿನ ಹಲಗೆಗೆ ಬಣ್ಣದ ಚಿತ್ರ ಬರೆಯುವ ರೂಢಿಯಂತೆ. ಚರ್ಚಿನ ಬೇಲಿಯುದ್ದಕ್ಕೂ ಪೆಟ್ಟಿಗೆಗಳು, ಒಂದರ ಮೇಲೆ ಕರಡಿ, ಒಂದರ ಮೇಲೆ ಬೇಟೆಗಾರ, ಒಂದರ ಮೇಲೆ ಗಂಡನನ್ನು ಹೊಡೆಯುವ ಹೆಂಡತಿ. ಬಣ್ಣದ ಬಟ್ಟಲು ಹಿಡಿದು ಪಕ್ಕಕ್ಕೆ ನಿಲ್ಲುತ್ತಿದ್ದವಳು ನಾನೇ.

ಅಪ್ಪನಿಗೆ ಬೆಳಿಗ್ಗೆ ವಾಂತಿಭೇದಿ ಹತ್ತಿತು. ಮಧ್ಯಾಹ್ನಕ್ಕೆ ಕಣ್ಣು ಗುಳಿ ಬಿದ್ದವು. ಸಾಯುವವನಿಗೆ ಜಂಗಮರು ಬಂದು ಪಾದೋದಕ ಕೊಡಬೇಕು, ಅವರ ಪಾದ ತೊಳೆದ ನೀರು. ಅದು ಬಾಯಿಗೆ ಬೀಳದೆ ಹೋಗುವ ಜೀವ ನಮ್ಮಲ್ಲಿ ಹೋಗಲಾರದೆ ಒದ್ದಾಡುತ್ತದೆ. ನಮ್ಮ ಓಣಿಯ ಅಯ್ಯನವರು ಕಾಲರಾಕ್ಕೆ ಹೆದರಿ ಬಾಗಿಲು ತೆಗೆಯಲಿಲ್ಲ. ಅವರ ಮೇಲಿನ ಸಿಟ್ಟು ಬೇರೆ ಇದೆ, ಅದನ್ನು ನಿಮಗೆ ಕೊಡುವುದಿಲ್ಲ. ಬಂದವನು ಎರ್ನಪ್ಪ. ಅವ್ವನಿಗೆ ಅವನೂ ಒಬ್ಬ ಸನ್ಯಾಸಿ. ಹೆಂಡರಿಲ್ಲ, ಮಕ್ಕಳಿಲ್ಲ, ದೇವರ ಹೆಸರು ಹೇಳುವವ. "ಯಪ್ಪಾ, ಪಾದೋದಕಕ್ಕ ಬಾಯಿ ತೆರಕೊಂಡ ಮಲಗ್ಯಾನ. ನಿಮ್ಮ ಕೈಯಿಂದರ ಒಂದು ಗುಟುಕು ಹಾಕ್ರಿ" ಎಂದಳು. ಅವನು ಅಪ್ಪನ ಬಾಯಿಗೆ ನೀರು ಹಾಕಿದ. ಒದ್ದೆ ಕೈಯಿಂದ ಹಣೆ ಒರೆಸಿದ. ಅವನ ಭಾಷೆಯಲ್ಲಿ ಏನೋ ಗೊಣಗಿದ. ಬೆವರು ಒರೆಸುತ್ತಾನೆ, ಎಷ್ಟು ಒಳ್ಳೆಯ ಮನುಷ್ಯ ಎಂದು ಅವ್ವ ಅವನ ಕಾಲಿಗೆ ಬಿದ್ದಳು. ಅಪ್ಪ ಹೋದ.

ನಮ್ಮ ಪದ್ಧತಿಯಂತೆ ಅವನನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಹೊಲದಲ್ಲೇ ಸಮಾಧಿ ಮಾಡಿದೆವು. ಯುಗಾದಿಯ ಮುಂದೆ ಜೇನುಪೆಟ್ಟಿಗೆಗೆ ಹೊಸ ಹಲಗೆ ಬಂತು. ಅದರ ಮೇಲೆ ನನ್ನಪ್ಪ. ಅದೇ ಮೀಸೆ, ಅದೇ ರುಮಾಲು ತೊಡೆಯ ಮೇಲೆ. ಪಾದ್ರಿ ಅವನ ಹಣೆಗೆ ನೀರೆರೆಯುತ್ತಿದ್ದಾನೆ, ಮೇಲೆ ಬಿಳಿ ಪಾರಿವಾಳ. ಊರಿಗೆ ಊರೇ ಬೇಲಿಗೆ ಆತು ನೋಡಿತು.

ಪಂಚರು ಬಂದರು. ಅವ್ವ ನಡೆದದ್ದು ಹೇಳಿದಳು, ಅವರು ನಂಬಲಿಲ್ಲ. ಕೈಯಲ್ಲಿರುವುದು ಲಿಂಗವೋ ಶಿಲುಬೆಯೋ ನೋಡಿಯೇ ಬಿಡೋಣ ಎಂದು ಸಮಾಧಿ ಅಗೆಸಿದರು. ನಾನು ಅಲ್ಲೇ ಇದ್ದೆ. ಯಾರೂ ನನ್ನ ಕಣ್ಣು ಮುಚ್ಚಲಿಲ್ಲ. ಲಿಂಗ ಇತ್ತು. "ಲಿಂಗ ಇದ್ರ ಏನಾತು, ಬಾಯಾಗ ಬಿದ್ದ ನೀರು ಅವರದು" ಎಂದ ಒಬ್ಬ. ಅಪ್ಪನನ್ನು ಎತ್ತಿ ಹಳ್ಳದ ಆಚೆ ಒಯ್ದು ಮಲಗಿಸಿ ಹೂಳಿದರು. ಕೂತಿದ್ದವನನ್ನು ಮಲಗಿಸಿದರು, ಬರೆದುಕೊಳ್ಳಿ. ನನ್ನ ಮದುವೆಯ ನಿಶ್ಚಯ ಮುರಿಯಿತು. ಶಾಲೆಯಲ್ಲಿ ಪಕ್ಕಕ್ಕೆ ಕೂರುವವರಿಲ್ಲದೆ ಶಾಲೆಯೂ ಮುರಿಯಿತು. ಆಮೇಲೆ ಎರಡನೇ ಸಂಬಂಧದವನಿಗೆ ಕೊಟ್ಟರು, ಶಿವಯೋಗೀಶನ ಅಪ್ಪನಿಗೆ.

ಅಗೆಯುತ್ತಿದ್ದಾಗ ಎರ್ನಪ್ಪ ಬೇಲಿಯ ಹತ್ತಿರ ನಿಂತಿದ್ದ. ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬರಲಿಲ್ಲ. ಮರುದಿನ ಆ ಹಲಗೆ ಅಲ್ಲಿರಲಿಲ್ಲ.

ಈಗ ನನ್ನ ಪ್ರಶ್ನೆ. ಹಲಗೆ ತೆಗೆದವನಿಗೆ ತಪ್ಪು ಗೊತ್ತಾಗಿತ್ತು. ಗೊತ್ತಾದ ಮೇಲೆ, 1952ರಲ್ಲಿ, ಅದೇ ಸುಳ್ಳನ್ನು ಪುಸ್ತಕದಲ್ಲಿ ಬರೆದ ಎನ್ನುತ್ತೀರಿ. ನಮ್ಮೂರಲ್ಲಿ ಒಬ್ಬರೂ ಓದಲಾರದ ಭಾಷೆಯಲ್ಲಿ. ಕನ್ನಡ ಅವನಿಗೆ ನಮಗಿಂತ ಚೆನ್ನಾಗಿ ಬರುತ್ತಿತ್ತು. ಕನ್ನಡದಲ್ಲಿ ಬರೆಯಲಿಲ್ಲ ಯಾಕೆ? ಇದಕ್ಕೆ ಟಿಪ್ಪಣಿ ಬರೆಯಿರಿ.

ನಿಂಗವ್ವ


ಬುಕಿತ್ ತಿಮಾ
11 ಆಗಸ್ಟ್ 2007

ಪೂಜ್ಯರಿಗೆ,

ತಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ಸಮಾಧಿಯ ವಿಷಯ ಫಾದರ್ ಅವರ ಯಾವ ಬರಹದಲ್ಲೂ ಇಲ್ಲ. ತಾವು ಕೇಳಿದ ಪ್ರಶ್ನೆಗಾಗಿ ಅವರ ಫೋಟೋಗಳನ್ನೂ ತಿರುವಿ ನೋಡಿದೆ. ಒಂದನ್ನು ಮಾತ್ರ ಹೇಳಬಲ್ಲೆ. 1950ರ ಒಂದು ಫೋಟೋದಲ್ಲಿ ಜೇನುಪೆಟ್ಟಿಗೆಗಳಿವೆ, ಒಂದರ ಮೇಲೂ ಚಿತ್ರವಿಲ್ಲ. ಎಲ್ಲ ಬರೀ ಹಲಗೆ. ಆ ಮೌನವನ್ನು ಪಶ್ಚಾತ್ತಾಪ ಎಂದು ಓದಬಹುದೇನೋ.

ಪ್ರಕಾಶಕರೊಂದಿಗೆ ಮಾತನಾಡಿದೆ. ಹೆಸರನ್ನು ತೆಗೆದು "ಒಬ್ಬ ರೈತ" ಎಂದಷ್ಟೇ ಹಾಕಲು ಒಪ್ಪಿದ್ದಾರೆ. ಅಧ್ಯಾಯವನ್ನೇ ಕೈಬಿಡಲು ಆಗುವುದಿಲ್ಲ, ಪುಸ್ತಕ ನಿಂತಿರುವುದೇ ಅದರ ಮೇಲೆ. ಅರವತ್ತು ವರ್ಷದ ಹಿಂದಿನ ಮಾತು. ತೀರಿಕೊಂಡವರನ್ನು ಕ್ಷಮಿಸುವುದು ದೊಡ್ಡವರಿಗೆ ಸಾಧ್ಯ ಎಂದು ಕಿರಿಯನಾಗಿ ಬೇಡುತ್ತೇನೆ.

ಇನ್ನೊಂದು ಸಹಾಯ. ಕೊನೆಯ ಅಧ್ಯಾಯ ಖಾಲಿ ಉಳಿದಿದೆ. 1968ರಲ್ಲಿ ಫಾದರ್ ಕಾಮಾಲೆಯಿಂದ ತೀರಿಕೊಂಡಾಗ ಶುಶ್ರೂಷೆ ಮಾಡಿದ ಸಿಸ್ಟರ್ ಸರಳಾ ಈಗ ಧಾರವಾಡದಲ್ಲಿದ್ದಾರೆ. ಆ ಮಧ್ಯಾಹ್ನ ಸಿಸ್ಟರ್ ಊಟಕ್ಕೆ ಹೋದಾಗ ಊರಿನ ಹೆಂಗಸೊಬ್ಬಳು ಒಳಗೆ ಬಂದು ಕೂತಿದ್ದಳು, ಹಿಂದಿರುಗುವಷ್ಟರಲ್ಲಿ ಫಾದರ್ ಶಾಂತವಾಗಿ ಹೋಗಿದ್ದರು ಎಂದು ಅವರು ಹೇಳಿದರು. ಅವಳು ಯಾರೆಂದು ತಮಗೇನಾದರೂ ಗೊತ್ತೇ?

ವಿನೀತ,
ಹಯಗ್ರೀವ


ವುಡ್‌ಲ್ಯಾಂಡ್ಸ್
27 ಆಗಸ್ಟ್ 2007

ಪ್ರೊಫೆಸರರೇ,

ಗೊತ್ತು. ಅವಳು ಈಗ ಹನ್ನೆರಡನೇ ಅಂತಸ್ತಿನಲ್ಲಿ ಕೂತು ನಿಮಗೆ ಕಾಗದ ಬರೆಯುತ್ತಿದ್ದಾಳೆ.

ಆಗ ನನಗೆ ಮೂವತ್ತನಾಲ್ಕು. ತವರಿಗೆ ಬಂದಿದ್ದೆ. ಎರ್ನಪ್ಪನಿಗೆ ಕಣ್ಣು ಅರಿಶಿನವಾಗಿ ಹೊಟ್ಟೆ ಬಾತಿದೆ, ಇಂದೋ ನಾಳೆಯೋ ಎಂದರು. ನೋಡಲು ಹೋದೆ ಎಂದು ನೀವು ಬರೆಯಬೇಡಿ. ಮುಗಿಸಲು ಹೋದೆ. ಅಷ್ಟು ವರ್ಷ ಒಂದೇ ಮಾತನ್ನು ಅಗಿದಿದ್ದೆ. ಒಂದು ಗುಟುಕು ನೀರು ಬಾಯಿಗೆ ಬಿದ್ದರೆ ನನ್ನಪ್ಪ ಅವನವನಾಗುವುದಾದರೆ, ಒಂದು ಗುಟುಕು ನೀರಿನಿಂದ ಅವನು ಯಾಕೆ ನಮ್ಮವನಾಗಬಾರದು?

ಆ ನರ್ಸು ಊಟಕ್ಕೆ ಹೋಗುವುದನ್ನೇ ಕಾದೆ. ಒಳಗೆ ಹೋದರೆ ಮಂಚದ ಮೇಲೆ ಬರೀ ಎಲುಬು. ನನ್ನ ಗುರುತು ಹಿಡಿದ. "ನಿಂಗಿ, ಬಟ್ಟಲು ಹಿಡಕೊಂಡ ಬಂದೀ ಏನು?" ಎಂದ. ಬಣ್ಣದ ಬಟ್ಟಲು ಅವನ ತಲೆಯಲ್ಲಿತ್ತು. ಹೌದು ಎಂದೆ. ನಿಜಕ್ಕೂ ನನ್ನ ಕೈಯಲ್ಲಿ ಬಟ್ಟಲಿತ್ತು.

ಅವನ ಎದುರೇ ಕೊರಳಿನ ಕರಡಿಗೆ ಬಿಚ್ಚಿದೆ. ಲಿಂಗ ತೆಗೆದು ಅಂಗೈಯಲ್ಲಿಟ್ಟು ನೀರೆರೆದೆ. ಆ ನೀರು ಬಟ್ಟಲಿಗೆ ಇಳಿಯಿತು. ಮೂವತ್ತಮೂರು ವರ್ಷ ನಮ್ಮಲ್ಲಿದ್ದವನು, ಅದೇನೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಹೇಳಿದೆ.

"ಇದು ನನ್ನ ಲಿಂಗದ ಮ್ಯಾಲ ಎರದ ನೀರು. ನಮ್ಮಪ್ಪಗ ನೀ ಹೇಳದ ಕುಡಿಸಿದಿ. ನಾ ನಿನಗ ಹೇಳಿ ಕುಡಿಸ್ತೀನಿ."

ಅವನು ನನ್ನನ್ನು ನೋಡಿದ. ಬಾಗಿಲ ಕಡೆ ನೋಡಲಿಲ್ಲ, ಗೋಡೆಯ ಶಿಲುಬೆಯ ಕಡೆ ನೋಡಲಿಲ್ಲ. ಬಾಯಿ ತೆರೆದ.

ಹಾಕಿದೆ. ಬಟ್ಟಲು ಖಾಲಿಯಾಗುವ ತನಕ ಹಾಕಿದೆ. ಹಣೆಗೆ ಮೂರು ಬೆರಳಿಂದ ವಿಭೂತಿ ಹಚ್ಚಿದೆ. ಗಲ್ಲದ ಮೇಲೆ ಇಳಿದದ್ದನ್ನು ಸೆರಗಿನಿಂದ ಒರೆಸಿದೆ, ಅದನ್ನು ಬರೆಯಬೇಕಾಗಿಲ್ಲ. ಸ್ವಲ್ಪ ಹೊತ್ತಿಗೆ ಹೋದ. ನರ್ಸು ಬರುವ ಮುಂಚೆ ವಿಭೂತಿ ಒರೆಸಿ ಹೊರಟೆ. ಒರೆಸಿದ್ದು ಹೆದರಿಕೆಯಿಂದಲ್ಲ. ಅವನನ್ನು ಅಗೆದು ನೋಡುವವರು ಯಾರೂ ಬರಬಾರದು ಎಂದು.

ನಿಮ್ಮ ಕೊನೆಯ ಅಧ್ಯಾಯ ಸಿಕ್ಕಿತಲ್ಲ, ತಗೊಳ್ಳಿ. ಯೆರ್ನೆಯ್ ಪೊದ್ಲೊಗಾರ್ ಎಂಬ ಪಾದ್ರಿ ನಿಂಗವ್ವನ ಕೈಯಿಂದ ನೀರು ಕುಡಿದು ಎರ್ನಪ್ಪನಾಗಿ, ಲಿಂಗವಂತನಾಗಿ ಪ್ರಾಣ ಬಿಟ್ಟ. ಅವನ ಬಾಯಿ ಒಣಗಿತ್ತು, ನೀರಡಿಕೆಗೆ ಕುಡಿದ ಎನ್ನುತ್ತೀರಿ. ನನ್ನಪ್ಪನಿಗೂ ನೀರಡಿಕೆಯೇ ಆಗಿತ್ತು.

"ಒಬ್ಬ ರೈತ" ಬೇಡ. ಅಪ್ಪನ ಹೆಸರು ಹಾಗೇ ಇರಲಿ. ಅದೇ ದಪ್ಪ ಅಕ್ಷರದಲ್ಲಿ ಇದೂ ಬರಲಿ.

ನಿಂಗವ್ವ


ಬುಕಿತ್ ತಿಮಾ
20 ಸೆಪ್ಟೆಂಬರ್ 2007

ಪೂಜ್ಯರಿಗೆ,

ತಮ್ಮ ಪತ್ರ ತಲುಪಿತು. ತಮ್ಮ ಮಾತನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಕೊಠಡಿಯಲ್ಲಿ ತಾವಿಬ್ಬರೇ ಇದ್ದಿರಿ, ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದ್ದನ್ನು ಚರಿತ್ರೆಯಾಗಿ ಬರೆಯಲಾರೆ. ಮೇಲಾಗಿ ಅವರನ್ನು ಸಂತನಂತೆ ಕಾಣುವ ಜನರಿದ್ದಾರೆ, ಅವರ ಮನಸ್ಸಿಗೆ ಆಗುವ ಆಘಾತ ಯೋಚಿಸಿ. ಸಾಯುವ ಮುದುಕನಿಗೆ ಹೀಗೆ ಮಾಡಿದ್ದನ್ನು ಬಹಿರಂಗ ಮಾಡಿದರೆ ತಮಗೂ ಶೋಭೆಯಲ್ಲ.

ನವೆಂಬರ್ ಮೊದಲ ವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. "ಒಬ್ಬ ರೈತ" ಎಂಬ ನನ್ನ ಸಲಹೆಯನ್ನು ದಯವಿಟ್ಟು ಒಪ್ಪಿಕೊಳ್ಳಿ. ನಮ್ಮ ಮನೆಯ ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಚಿಕ್ಕದಾಗಿ ಬರೆದಿದ್ದೇನೆ.

ಹಯಗ್ರೀವ


ವುಡ್‌ಲ್ಯಾಂಡ್ಸ್
2 ಅಕ್ಟೋಬರ್ 2007

ಪ್ರೊಫೆಸರರೇ,

ನಿಮ್ಮ ಕಾಗದವನ್ನು ಶಿವಯೋಗೀಶನಿಂದ ಗಟ್ಟಿಯಾಗಿ ಓದಿಸಿದೆ. ಹಿಂದಿನ ಕಾಗದದಲ್ಲಿ ನಾನು ಬರೆದದ್ದು ಅವನಿಗೆ ಗೊತ್ತಿರಲಿಲ್ಲ. ಅದನ್ನೂ ಹೇಳಿದೆ. ಅವನು ಕಾಗದ ಮಡಿಚಿಟ್ಟು ನನ್ನ ಪಕ್ಕಕ್ಕೆ ಬಂದು ಕೂತ. ಆಮೇಲೆ, "ಅವ್ವಾ, ಇದನ್ನ ಯಾಕ ಇಷ್ಟು ದಿನ ಹೇಳಲಿಲ್ಲ" ಎಂದ. ಕೇಳುವವರಿಲ್ಲದಾಗ ಯಾರಿಗೆ ಹೇಳಲಿ. ಇನ್ನು ಬೈಯಬೇಡ ಎಂದು ಅವನು ಈ ಸಲ ಹೇಳಲಿಲ್ಲ.

ಸಾಕ್ಷಿ ಇಲ್ಲ ಎಂದಿರಿ. ನನ್ನಪ್ಪ ಮತ ಬಿಟ್ಟದ್ದಕ್ಕೆ ಯಾರು ಸಾಕ್ಷಿ? ನೀರು ಹಾಕಿದವನೊಬ್ಬನೇ. ಅಲ್ಲಿ ಅವ್ವನಿದ್ದಳು, ನಾನಿದ್ದೆ. ಅವ್ವ ಇಲ್ಲ ಎಂದಳು, ನಾನೂ ಇಲ್ಲ ಎನ್ನುತ್ತೇನೆ. ಆದರೂ ಅವನದು ಚರಿತ್ರೆ, ಯಾಕೆಂದರೆ ಅವನು ಬರೆದ. ಈಗ ನನ್ನಿಂದಲೂ ಬರೆಸಿದ್ದೀರಿ. ಅವನೊಬ್ಬನ ಮಾತಿನ ಮೇಲೆ ಬರೆದದ್ದು ನಿಜವಾದರೆ, ನನ್ನೊಬ್ಬಳ ಮಾತಿನ ಮೇಲೆ ಬರೆದದ್ದೂ ನಿಜ. ನನ್ನದು ಸುಳ್ಳಾದರೆ ಅವನದೂ ಸುಳ್ಳು. ಇದಕ್ಕೆ ಪಿಎಚ್‌ಡಿ ಬೇಕಾಗಿಲ್ಲ.

ಜನರ ಮನಸ್ಸಿಗೆ ಆಘಾತ ಎಂದಿರಿ. ಹಳ್ಳದ ಆಚೆ ನನ್ನವ್ವ ಮಣ್ಣು ಬಡಿದುಕೊಂಡು ಅತ್ತಾಗ ಯಾವ ದೇಶದವರಿಗೂ ಆಘಾತವಾಗಲಿಲ್ಲ. ನೆರೆಹೊರೆಯವರು ಸಹಿ ಹಾಕಿದ್ದಕ್ಕೆ ಒಪ್ಪದ ನಿಮ್ಮ ಮನೆಯೂ ಹೋಯಿತೆಂದು ಸೀತಮ್ಮ ದಿನಾ ಅಳುತ್ತಾರೆ. ಅಳಲಿ, ಅನ್ಯಾಯವೇ. ನಿಮಗೆ ಹೋದದ್ದು ಮನೆ. ನನ್ನಪ್ಪನನ್ನು ಕೇಳದೆ ಅವನ ಸಾವನ್ನೇ ಬರೆದುಕೊಂಡರು. ಕೇಳದೆ ಕಸಿದುಕೊಂಡರೆ ಹೇಗಿರುತ್ತದೆ ಎಂದು ಈಗಲಾದರೂ ನಿಮಗೆ ತಿಳಿಯಬೇಕಿತ್ತು.

ಸಾಯುವ ಮುದುಕನಿಗೆ ಮಾಡಿದ್ದು ಶೋಭೆಯಲ್ಲ ಎಂದಿರಿ. ಅಲ್ಲ. ಶೋಭೆಗೆಂದು ನಾನು ಮಾಡಲಿಲ್ಲ. ನಾನು ಮಾಡಿದ್ದು ಕೆಟ್ಟದ್ದೆಂದು ನಿಮಗೆ ಅನ್ನಿಸಿದರೆ ಒಳ್ಳೆಯದೇ ಆಯಿತು, ಅದೇ ಕೆಲಸವನ್ನು ಅವನು ಮಾಡಿದಾಗ ಪ್ರಥಮ ಫಲ ಎಂದು ನೀವು ಬರೆದದ್ದನ್ನು ಇನ್ನೊಮ್ಮೆ ಓದಿ ನೋಡಿ.

ನಿಮ್ಮ ಸಮಾರಂಭಕ್ಕೆ ಬರುತ್ತೇನೆ. ವೇದಿಕೆ ಮೇಲೂ ಕೂರುತ್ತೇನೆ. ಪುಸ್ತಕದಲ್ಲಿ ಒಂದು ಕಡೆಯದಷ್ಟೇ ಇದ್ದರೆ, ಮೈಕು ಕೈಗೆ ಸಿಕ್ಕಾಗ ನಾನು ಯಾರ ಮಗಳು ಎಂದಲ್ಲ, ನಿಮ್ಮ ಪಾದ್ರಿಗೆ ನಾನು ಏನಾಗಬೇಕು ಎಂದು ಹೇಳುತ್ತೇನೆ. ಆ ದೇಶದವರಿಗೆ ಇಂಗ್ಲಿಷಿನಲ್ಲಿ ತಿಳಿಸಲು ನನ್ನ ಮಗ ಪಕ್ಕದಲ್ಲಿ ನಿಲ್ಲುತ್ತಾನೆ. ಕೇಳಿದ್ದೇನೆ, ಒಪ್ಪಿದ್ದಾನೆ.

ಎರಡು ದಾರಿ ಇವೆ. ನನ್ನಪ್ಪ ಯೋಸೇಫನಾಗಿ ಸತ್ತ ಎಂದು ಬರೆಯುವುದಾದರೆ, ಎರ್ನಪ್ಪ ಲಿಂಗವಂತನಾಗಿ ಸತ್ತ ಎಂದೂ ಬರೆಯಿರಿ. ಅದು ಆಗದಿದ್ದರೆ, ಇಬ್ಬರಿಗೂ ಸಾಯುವಾಗ ನೀರಡಿಕೆಯಾಗಿತ್ತು, ಪಕ್ಕದಲ್ಲಿದ್ದವರು ನೀರು ಕೊಟ್ಟರು ಎಂದಷ್ಟೇ ಬರೆಯಿರಿ, ಇಬ್ಬರ ಹೆಸರನ್ನೂ ಹಾಕಿ. ನನಗೆ ಯಾವುದಾದರೂ ಸರಿ. ಮೂರನೆಯದಿಲ್ಲ.

ಯಾವುದು ಎಂದು ಅಕ್ಟೋಬರ್ 15ರೊಳಗೆ ಬರೆದು ತಿಳಿಸಿ. ಫೋನು ಮಾಡಬೇಡಿ.

ನಿಂಗವ್ವ ಗುರುಬಸಪ್ಪ